ತಾವಾಗಿಯೇ ಬಿಟ್ಟವರು

“ಅರ್ಜಿದಾರರು ತಾವಾಗಿಯೇ ಕೆಲಸ ಬಿಟ್ಟಿರುವುದರಿಂದ ತುರ್ತು ನಿರುದ್ಯೋಗ ಭತ್ಯೆಗೆ ಅರ್ಹರಲ್ಲ.”

ಮೊಬೈಲಿಗೆ ಬಂದಿದ್ದ ಆ ಸಾಲನ್ನು ಇಸ್ತ್ರಿಯಕ್ಕ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಅತ್ತೆಗೆ ಕೇಳಲಿ ಅಂತ ಗಟ್ಟಿಯಾಗಿ ಓದಿದಳು.

“ಯಾರಂತೆ ಬಿಟ್ಟವರು?” ಅತ್ತೆ ಕೇಳಿದರು.

“ನಾನಂತೆ.”

“ಯಾವಾಗ ಬಿಟ್ಟೆ? ಮನೇಲಿ ಒಂದು ಮಾತು ಹೇಳೋದಲ್ವಾ?”

“ನಂಗೂ ಈಗಲೇ ಗೊತ್ತಾಗಿದ್ದು ಅತ್ತೆ.”

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಂಡ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಸುಮ್ಮನೆ ಕಾದರು. ಆ ಮನೆಯಲ್ಲಿ ಈಗ ಯಾವ ಮಾತಾದರೂ ಅವನ ಕೆಮ್ಮಿಗೆ ದಾರಿ ಬಿಟ್ಟುಕೊಟ್ಟೇ ಮುಂದೆ ಹೋಗಬೇಕಿತ್ತು.

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು ಅವನು. ಸೋಂಕು ಊರಿಗೆ ಕಾಲಿಟ್ಟಾಗ ಮೊದಲು ಹೊಕ್ಕಿದ್ದು ಆ ಮಾರುಕಟ್ಟೆಗೇ. ಆಸ್ಪತ್ರೆಯಿಂದ ಬದುಕಿ ಬಂದದ್ದೇ ಪುಣ್ಯ ಎಂದರು ಎಲ್ಲರೂ. ಬದುಕಿ ಬಂದವನು ಏನು ತಿನ್ನಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮಲಗಿದರೆ ಉಸಿರು ಸಿಗದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದ. ಇಳಿದ ಮೆಟ್ಟಿಲನ್ನು ಮತ್ತೆ ಹತ್ತುವುದು ಹೇಗೆ ಅನ್ನುವ ಭಯಕ್ಕೆ ಇಳಿಯುವುದನ್ನೇ ಬಿಟ್ಟಿದ್ದ. ಇಸ್ತ್ರಿಯಕ್ಕನಿಗೆ ಭತ್ಯೆ ಬಂದರೆ ಬಾಡಿಗೆಯ ಈ ಒಂದು ಕೋಣೆ, ಒಂದು ಅಡಿಗೆಮನೆ ಉಳಿಯುತ್ತದೆ. ಬರದಿದ್ದರೆ ಅತ್ತೆ ದೊಡ್ಡ ಮಗಳ ಮನೆಗೆ, ಗಂಡ ಅಣ್ಣನ ಮನೆಗೆ, ಅವಳು ತವರಿಗೆ. ಮೂರು ಮನೆಯ ಮೂರು ಮೂಲೆಯಲ್ಲಿ ಮೂವರೂ ಬೇಡದ ನೆಂಟರು.

“ತಾವಾಗಿಯೇ,” ಅತ್ತೆ ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು. “ಎಷ್ಟು ಮರ್ಯಾದೆ ಕೊಟ್ಟು ಬರೆದಿದ್ದಾರೆ ನೋಡು. ಹೊಟ್ಟೆ ಮೇಲೆ ಹೊಡೆಯೋವಾಗ ಇವರಿಗೆ ಬಹುವಚನ.”

ಅವಳು ಕೆಲಸ ಮಾಡುತ್ತಿದ್ದದ್ದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಮೇಲಿನ ಮಹಡಿಗಳಲ್ಲಿ ಜನ ಮಲಗಿ ಎದ್ದು ಹೋಗುತ್ತಿದ್ದರು. ಅವರ ಹಾಸಿಗೆಯ ಚಾದರಗಳು ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ಕೆಳಗಿನ ಬುಟ್ಟಿಗೆ ಬೀಳುತ್ತಿದ್ದವು. ಅಲ್ಲಿ ಕಿಟಕಿಯಿಲ್ಲ. ಹಬೆ, ಸೋಪಿನ ಘಾಟು, ಯಂತ್ರಗಳ ಗಡಗಡ. ಚಾದರವನ್ನು ಬಿಸಿ ಉರುಳೆಗಳ ನಡುವೆ ತೂರಿಸಲು ಇಬ್ಬರು, ಆಚೆ ಕಡೆ ಹಿಡಿದು ಮಡಚಲು ಇಬ್ಬರು. ಅಂಗಿ, ಕೋಟು, ಮೇಜುಬಟ್ಟೆಗಳೆಲ್ಲ ಇಸ್ತ್ರಿಯಕ್ಕನ ಕೈಗೆ. ಬಿಸಿ ಕಬ್ಬಿಣ ತಾಗಿದ ಗುರುತುಗಳು ಅವಳ ಮುಂಗೈ ಮೇಲೆ ಬಳೆ ತೊಟ್ಟ ಹಾಗೆ ಸಾಲಾಗಿದ್ದವು. ಬಾಯ್ಲರಿಗೆ ಬೆಂಕಿ ಹಾಕುವ ಹಿರಿಯನಿಗೆ ಎಲ್ಲರ ಬಾಯಲ್ಲೂ ಬಾಯ್ಲರಣ್ಣ ಅಂತಲೇ ಹೆಸರು. ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿ ಎಷ್ಟು ದಪ್ಪಗಾಗಿತ್ತೆಂದರೆ, ಮನೆಯಲ್ಲಿ ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ ಎಂದು ಅವನ ಹೆಂಡತಿ ದೂರುತ್ತಿದ್ದಳು.

ಆ ನೆಲಮಾಳಿಗೆಗೆ ಒಂದು ಕಟ್ಟಳೆ ಇತ್ತು. ಯಾರು ಶುರು ಮಾಡಿದ್ದೋ, ಯಾವ ಕಾಗದದಲ್ಲೂ ಇರಲಿಲ್ಲ. ಕೊಳೆ ಬಟ್ಟೆ ಒಳಗಿಟ್ಟು ಬಾಗಿಲು ಹಾಕಬಾರದು. ಒಂದು ಒದ್ದೆ ಟವೆಲು ಮೂಲೆಯಲ್ಲಿ ಉಳಿದರೂ ಸಾಕು, ಗಾಳಿಯಾಡದ ಆ ಜಾಗದಲ್ಲಿ ಬೂಷ್ಟು ಹಿಡಿದು ಪಕ್ಕದ ಗಂಟುಗಳಿಗೆಲ್ಲ ಹರಡುತ್ತದೆ. ದುರಸ್ತಿಗೆಂದು ಲಾಂಡ್ರಿ ಮುಚ್ಚಿದಾಗಲೆಲ್ಲ ಕೊನೆಗೆ ಎಲ್ಲರೂ ತಮ್ಮ ಮೈಮೇಲಿನ ಸಮವಸ್ತ್ರವನ್ನೂ ಬಿಚ್ಚಿ, ಒಗೆದು ಒಣಗಿಸಿ, ಇಸ್ತ್ರಿ ಹಾಕಿ, ಹೆಸರಿನ ಬಿಲ್ಲೆ ಮೇಲೆ ಕಾಣುವಂತೆ ಮಡಚಿ ಗೋಡೆಯ ಹಲಗೆಯ ಮೇಲಿಟ್ಟು, ಮನೆಬಟ್ಟೆಯಲ್ಲಿ ಹೊರಡುತ್ತಿದ್ದರು. ವಾಪಸು ಬಂದ ದಿನ ಗರಿಗರಿ ಅಂಗಿ ತೊಟ್ಟು ಕೆಲಸ ಶುರು.

ಸೋಂಕಿಗೆ ಹೆದರಿ ಹೋಟೆಲು ಮುಚ್ಚಿದ ದಿನ ಸಿಬ್ಬಂದಿ ವಿಭಾಗದ ಮೇಡಂ ಕೆಳಗೆ ಬಂದರು. ಲಾಂಡ್ರಿಯವರು ಅವರಿಗೆ ಸೆಂಟು ಮೇಡಂ ಎಂದು ಹೆಸರಿಟ್ಟಿದ್ದರು. ಅವರಿಗಿಂತ ಮುಂಚೆ ಅವರ ಸೆಂಟು ಮೆಟ್ಟಿಲಿಳಿಯುತ್ತಿತ್ತು. ಅವತ್ತು ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಕೊನೆಯ ಮೆಟ್ಟಿಲ ಮೇಲೇ ನಿಂತರು.

“ನಾವೆಲ್ಲ ಒಂದೇ ಕುಟುಂಬ. ಸ್ವಲ್ಪ ದಿನ ಮನೇಲಿರಿ. ತೆರೆದ ತಕ್ಷಣ ಮೊದಲು ನಿಮ್ಮನ್ನೇ ಕರೀತೀವಿ” ಅಂದು ಹತ್ತಿ ಹೋದರು.

ಕುಟುಂಬದವರು ನಂಬಿದರು. ಕೊಳವೆಯಲ್ಲಿ ಬಿದ್ದಿದ್ದ ಕೊನೆಯ ಚಾದರವನ್ನೂ ಒಗೆದು, ಆಮೇಲೆ ತಮ್ಮ ಸಮವಸ್ತ್ರ ಒಗೆದರು. ಹನ್ನೊಂದು ಜನರ ಅಂಗಿಗೂ ಇಸ್ತ್ರಿಯಕ್ಕನೇ ಇಸ್ತ್ರಿ ಹಾಕಿದಳು. ಬೇಗ ಬರ್ತೀವಲ್ಲ ಎಂದು ಕಾಲರಿಗೆ ಗಂಜಿಯನ್ನೂ ಹಾಕಿದಳು.

ಆಮೇಲೆ ಶುರುವಾಯಿತು ಭತ್ಯೆಯ ಅರ್ಜಿ. ಅದೇ ಒಂದು ಕೂಲಿ ಕೆಲಸದಷ್ಟಿತ್ತು, ಕೂಲಿ ಮಾತ್ರ ಇರಲಿಲ್ಲ. ಕಚೇರಿಗೆ ಹೋದರೆ ಶಟರ್ ಎಳೆದು ‘ಆನ್‌ಲೈನಿನಲ್ಲಿ ಸಲ್ಲಿಸಿ’ ಎಂದು ಚೀಟಿ ಅಂಟಿಸಿದ್ದರು. ಆನ್‌ಲೈನಿನಲ್ಲಿ ಅರ್ಧ ತುಂಬುವಷ್ಟರಲ್ಲಿ ಪುಟ ಬೆಳ್ಳಗಾಗಿ ‘ದೂರವಾಣಿಯಲ್ಲಿ ಸಂಪರ್ಕಿಸಿ’ ಎನ್ನುತ್ತಿತ್ತು. ಫೋನು ಮಾಡಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂಬ ಹೆಣ್ಣುದನಿ. ಅಮೂಲ್ಯವಾದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಹಾಗೆ ಅವಳ ಕರೆಯನ್ನೂ ಎಲ್ಲೋ ಇಟ್ಟು ಮರೆತುಬಿಡುತ್ತಿದ್ದರು. ಮನೆ ಬಿಟ್ಟು ಹೊರಗೆ ಬರಬೇಡಿ ಎಂದು ಊರಿಗೆಲ್ಲ ಡಂಗುರ ಹೊಡೆಸಿದವರೇ, ನೀನು ಯಾಕೆ ಮನೆಯಲ್ಲಿ ಕೂತಿದ್ದೀಯ ಎಂದು ಪುಟಪುಟವಾಗಿ ವಿವರಣೆ ಕೇಳುತ್ತಿದ್ದರು. ನಾಚಿಕೆ ಇಲ್ಲದ ಪ್ರಶ್ನೆ. ಅದಕ್ಕೂ ಮರ್ಯಾದೆಯಿಂದ ಉತ್ತರ ಬರೆದಳು. ಇಷ್ಟೆಲ್ಲ ಆದ ಮೇಲೆ ಬಂದದ್ದು, ತಾವಾಗಿಯೇ ಬಿಟ್ಟಿದ್ದೀರಿ.

ಬಾಯ್ಲರಣ್ಣನಿಗೆ ಫೋನು ಮಾಡಿದಳು. “ಅಣ್ಣಾ, ನಿಮಗೇನು ಬಂತು?”

“ಅದೇ. ನಾನೇ ಬಿಟ್ಟೆನಂತೆ.”

“ಉಳಿದೋರಿಗೆ?”

“ಎಲ್ಲರಿಗೂ ಅದೇ ಕಣಮ್ಮ. ಒಬ್ಬರದ್ದನ್ನ ನಕಲು ಮಾಡಿ ಇನ್ನೊಬ್ಬರಿಗೆ ಅಂಟಿಸಿದಂಗಿದೆ.”

“ಹನ್ನೊಂದು ಜನ ಒಂದೇ ಸಾಯಂಕಾಲ ಕೆಲಸ ಬಿಟ್ವಾ? ಯಾಕೆ, ಎಲ್ಲರೂ ಸೇರಿ ಟೂರು ಹೋಗೋದಿತ್ತಾ?”

ಬಾಯ್ಲರಣ್ಣ ನಗಲಿಲ್ಲ. “ಏನೋ ತಪ್ಪಾಗಿರಬೇಕು. ಮೇಡಂನ ಒಂದು ಮಾತು ಕೇಳು” ಅಂದ.

ಬಸ್ಸಿರಲಿಲ್ಲ. ಮುಚ್ಚಿದ ಅಂಗಡಿಗಳ ಸಾಲು ಹಿಡಿದು ನಡೆದೇ ಹೋಟೆಲಿನ ಹಿಂದಿನ ಗೇಟು ತಲುಪಿದಳು. ಕಾವಲಿನವನು ಒಳಗೆ ಫೋನು ಮಾಡಿ, ನೆರಳಿಗೆ ನಿಲ್ಲಕ್ಕ ಎಂದ. ಬಹಳ ಹೊತ್ತಿನ ಮೇಲೆ ಮೇಡಂ ಬಂದು, ಕಂಬಿಗಳಿಂದ ಅಷ್ಟು ದೂರದಲ್ಲಿ ನಿಂತರು.

“ಹೇಗಿದ್ದೀಯಮ್ಮ? ಮನೇಲೆಲ್ಲ ಆರೋಗ್ಯವಾ?”

“ನಾನು ಕೆಲಸ ಬಿಟ್ಟೆ ಅಂತ ಯಾರು ಹೇಳಿದ್ದು ಮೇಡಂ?”

“ಯಾರೂ ಹೇಳಿಲ್ಲ. ಭತ್ಯೆ ಕಚೇರಿಯವರು ಕೇಳಿದ್ರು, ಇದ್ದದ್ದು ಬರೆದು ಕಳಿಸಿದ್ವಿ. ಸಮವಸ್ತ್ರ ವಾಪಸು ಕೊಟ್ಟರೆ ಕೆಲಸ ಬಿಟ್ಟ ಹಾಗೆ ಅಂತ ನಿಯಮ ಇದೆ. ಸೇರೋವಾಗ ನೀನೇ ಸಹಿ ಹಾಕಿದ್ದೀಯ.”

“ನಾವು ವಾಪಸು ಕೊಟ್ಟಿಲ್ಲ. ಒಗೆದಿಟ್ಟಿದ್ದು.”

“ಹಲಗೆ ಮೇಲೆ ಎಲ್ಲರದ್ದೂ ಇತ್ತು. ಬಿಲ್ಲೆ ಸಮೇತ.”

“ಪ್ರತಿ ಸಲ ಹಾಗೇ ಇಡೋದು. ಹೋದ ವರ್ಷ ಬಾಯ್ಲರ್ ದುರಸ್ತಿಗೆ ಮುಚ್ಚಿದಾಗ ಇಟ್ಟಿರಲಿಲ್ವಾ? ಆಗ ಯಾಕೆ ಬಿಟ್ಟ ಹಾಗೆ ಆಗಲಿಲ್ಲ?”

“ಆಗ ನಮ್ಮನ್ನ ಯಾರೂ ಕೇಳಿರಲಿಲ್ಲ.”

ಎಷ್ಟು ಸಲೀಸಾಗಿ ಅಂದುಬಿಟ್ಟರು. ಇಸ್ತ್ರಿಯಕ್ಕ ಕಂಬಿ ಹಿಡಿದುಕೊಂಡಳು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದು ದನಿಗೆ ಎಣ್ಣೆ ಸವರಿದರು.

“ನೋಡಮ್ಮ, ಮನೆಗೆ ಕಳಿಸಿದ್ದು ನಾವು ಅಂತ ಬರೆದರೆ ಕಂಪನಿ ಭತ್ಯೆ ನಿಧಿಗೆ ಅಂತ ಸರ್ಕಾರಕ್ಕೆ ಕಟ್ಟೋದು ಜಾಸ್ತಿಯಾಗುತ್ತೆ. ಹೋಟೆಲಿನ ಸ್ಥಿತಿ ನೀನೇ ನೋಡ್ತಿದ್ದೀಯ. ಮೇಲ್ಮನವಿ ಗೀಲ್ಮನವಿ ಅಂತ ಓಡಾಡಬೇಡ. ನಾಳೆ ತೆರೆದಾಗ, ಕಷ್ಟಕಾಲದಲ್ಲಿ ನಮ್ಮ ಜೊತೆ ಯಾರು ನಿಂತಿದ್ರು ಅಂತ ಮೇಲಿನೋರು ನೋಡೇ ನೋಡ್ತಾರೆ.”

ವಾಪಸು ಬರುವ ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ಕದ್ದಿದ್ದರೆ, ಸುಟ್ಟಿದ್ದರೆ, ಕುಡಿದು ಬಿದ್ದಿದ್ದರೆ ಮಾತು ಬೇರೆ. ಶುಚಿಯಾಗಿ ಕೆಲಸ ಮುಗಿಸಿ ಹೋದದ್ದೇ ಅವರ ಕೈಗೆ ಕತ್ತಿಯಾಗಿತ್ತು. ಬೆವರು ನಾರುವ ಅಂಗಿಯನ್ನು ಮೈಮೇಲೇ ಹೊತ್ತು ಬಂದಿದ್ದರೆ ಇವತ್ತು ಊಟ ಸಿಗುತ್ತಿತ್ತು. ಮನೆ ಸೇರಿದವಳೇ ಚಪ್ಪಲಿಯನ್ನೂ ಕಳಚದೆ ಮೇಲ್ಮನವಿ ತುಂಬಲು ಕೂತಳು.

ಉಳಿದವರನ್ನು ಕೇಳಿದಳು. ಒಬ್ಬಳು ಗಂಡನನ್ನು ಕೇಳಿ ಹೇಳ್ತೀನಿ ಎಂದಳು. ಒಬ್ಬ ಫೋನನ್ನೇ ಎತ್ತಲಿಲ್ಲ. ಬಾಯ್ಲರಣ್ಣ ಮಾತ್ರ ನೇರವಾಗಿ ಹೇಳಿದ.

“ನಾನು ಹಾಕಲ್ಲ ಕಣಮ್ಮ. ನಿವೃತ್ತಿಗೆ ಹತ್ತಿರ ಬಂದೋನು. ತೆರೆದಾಗ ಕರೀದೇ ಇದ್ರೆ ಈ ವಯಸ್ಸಲ್ಲಿ ಯಾರ ಬಾಯ್ಲರಿಗೆ ಬೆಂಕಿ ಹಾಕಲಿ?”

“ನನ್ನ ಪರ ಸಾಕ್ಷಿನಾದ್ರೂ ಹೇಳ್ತೀರಾ?”

“ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಅಷ್ಟೂ ಮಾಡದಿದ್ರೆ ಹೇಗೆ.”

ವಿಚಾರಣೆ ಫೋನಿನಲ್ಲೇ ಎಂದು ತಿಳಿಸಿದರು. ಅಧಿಕಾರಿ, ಮೇಡಂ, ಇವಳು, ಮೂವರೂ ಒಂದೇ ಕರೆಯಲ್ಲಿ. ಆ ಬೆಳಿಗ್ಗೆ ಗಂಡ ಮೆಲ್ಲಗೆ ಅಂದ, “ಆ ಮೇಡಮ್ಮೇ ಅಂಗಿ ಬಿಚ್ಚಿಡಿ ಅಂದ್ಲು ಅಂತ ಹೇಳಿಬಿಡು. ಕಥೆ ಮುಗೀತು.”

“ಅವಳು ಹೇಳಿಲ್ಲ.”

“ಅವಳು ಹೇಳಿದ್ದೆಲ್ಲ ನಿಜಾನಾ?”

“ಅಲ್ಲ. ಅದಕ್ಕೆ ಅವಳನ್ನ ಕಂಡ್ರೆ ನಂಗೆ ಹೇಸಿಗೆ,” ಅಂದಳು ಇಸ್ತ್ರಿಯಕ್ಕ. ಅತ್ತೆ ನಡುವೆ ಬಾಯಿ ಹಾಕಿ, “ಹೇಸಿಗೆ ಎಲ್ಲ ಹೊಟ್ಟೆ ತುಂಬಿದ ಮೇಲೆ ಕಣೇ” ಅಂದರು.

ಕರೆ ಬಂತು. ಮೊಬೈಲನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಕೆಮ್ಮು ಅಧಿಕಾರಿಗೆ ಕೇಳಿಸಬಾರದೆಂದು ಗಂಡ ಟವೆಲು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಧಿಕಾರಿಯದು ದಣಿದ ಗಂಡುದನಿ. ಬೆಳಗಿನಿಂದ ಇದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದನೋ.

“ಕೇಳಿದ್ದಕ್ಕೆ ಮಾತ್ರ ಹೇಳಿ. ಸಮವಸ್ತ್ರ ಬಿಚ್ಚಿಟ್ಟು ಹೋದಿರಾ?”

“ಒಗೆದು, ಇಸ್ತ್ರಿ...”

“ಹೌದೋ ಇಲ್ಲವೋ.”

“ಹೌದು.”

“ಹಾಗೆ ಮಾಡಿ ಅಂತ ಯಾರಾದರೂ ಹೇಳಿದ್ರಾ?”

ಅಡಿಗೆಮನೆಯ ಬಾಗಿಲ ಹಿಂದೆ ಕೆಮ್ಮು ಉಸಿರುಗಟ್ಟುತ್ತಿತ್ತು. ಒಂದು ‘ಹೌದು’ ಸಾಕಿತ್ತು. “ಇಲ್ಲ,” ಅಂದಳು. “ನಾವಾಗಿಯೇ ಒಗೆದಿಟ್ಟಿದ್ದು. ನಾವಾಗಿಯೇ ಹೋಗಿದ್ದಲ್ಲ.”

“ಅದನ್ನ ಆಮೇಲೆ ನೋಡೋಣ. ನಿಮ್ಮ ಸಾಕ್ಷಿಯನ್ನ ಕರೆಗೆ ಸೇರಿಸ್ತೀನಿ.”

ಬಾಯ್ಲರಣ್ಣನ ಫೋನು ರಿಂಗಾಯಿತು. ಎತ್ತಿದ. ಯಾವತ್ತೂ ತಗ್ಗದ ಆ ದನಿ ಅವತ್ತು ಬಾವಿಯ ತಳದಿಂದ ಬಂದಂತಿತ್ತು.

“ನೀವೆಲ್ಲ ಯಾಕೆ ಸಮವಸ್ತ್ರ ಬಿಟ್ಟು ಹೋದ್ರಿ?” ಅಧಿಕಾರಿ ಕೇಳಿದ.

“ನಾವು... ಇಷ್ಟಪಟ್ಟೇ ಸರ್.”

“ಅಂದ್ರೆ?”

“ನಾನಂತೂ ಬಿಡಬೇಕು ಅಂತಲೇ ಇದ್ದೆ. ವಯಸ್ಸಾಯ್ತಲ್ಲ. ಉಳಿದೋರದ್ದು... ಎಲ್ಲರ ಅಂಗಿಗೂ ಇಸ್ತ್ರಿ ಹಾಕಿ ಜೋಡಿಸಿದ್ದು ಆ ಅಮ್ಮನೇ ಸರ್. ಇಟ್ಟು ಹೋಗೋಣ ಅಂತ.”

“ಥ್ಯಾಂಕ್ಯೂ ಅಣ್ಣ,” ಎಂದಿತು ಮೇಡಂ ದನಿ. ನೆಲಮಾಳಿಗೆಯಲ್ಲಿ ಒಂದು ದಿನವೂ ಅವನನ್ನು ಅಣ್ಣ ಎಂದು ಕರೆಯದವರು. ಬಾಯ್ಲರಣ್ಣನ ಫೋನು ಕಟ್ಟಾಯಿತು.

ಅತ್ತೆ ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತರು.

“ನಿಮ್ಮ ಸಾಕ್ಷಿಯೇ ಹೀಗೆ ಹೇಳ್ತಿದ್ದಾರೆ,” ಎಂದ ಅಧಿಕಾರಿ. “ಇನ್ನೇನಾದರೂ ಇದೆಯಾ?”

“ಇದೆ. ನನ್ನನ್ನ ಇಷ್ಟು ಕೇಳಿದ್ರಲ್ಲ, ಅವರನ್ನ ಒಂದೇ ಒಂದು ಕೇಳಿ. ನಾನು ಆ ಅಂಗಿ ಬಿಚ್ಚದೇ ಇದ್ದಿದ್ರೆ ಮಾರನೇ ದಿನ ನಂಗೆ ಎಲ್ಲಿ ಕೆಲಸ ಇತ್ತು? ಅಂಗಿ ಹಾಕ್ಕೊಂಡು ಬೀದೀಲಿ ನಿಲ್ಲಬೇಕಿತ್ತಾ?”

“ಹಾಗೆಲ್ಲ ಮಾತಾಡಬೇಡಿ,” ಎಂದ ಅಧಿಕಾರಿ. ಆದರೂ ಕೇಳಿದ. “ಮೇಡಂ, ದಾಖಲೆಗೆ ಬೇಕು. ಮಾರನೇ ದಿನ ಕೆಲಸ ಇತ್ತಾ?”

“ಸರ್ಕಾರದ ಆದೇಶದಂತೆ ಮುಚ್ಚಿದ್ವಿ ಸರ್.”

“ಮುಂದಿನ ತಿಂಗಳು ತೆರೀತೀವಿ ಅಂತ ಬರೆದಿದ್ದೀರಿ. ತೆರೆದಾಗ ಇವರ ಜಾಗ ಇರುತ್ತಾ?”

ಆ ಕಡೆ ಕಾಗದ ಸರಿಸುವ ಸದ್ದು.

“ಇರುತ್ತಾ ಮೇಡಂ? ಕರೆ ರೆಕಾರ್ಡ್ ಆಗ್ತಿದೆ.”

“ಲಾಂಡ್ರಿ ಮುಂದುವರಿಸ್ತಿಲ್ಲ ಸರ್. ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಿದ್ದೀವಿ. ಯಂತ್ರಗಳನ್ನೆಲ್ಲ ಮಾರಿಯಾಗಿದೆ.”

“ಯಾವಾಗ?”

“ಮುಚ್ಚಿದ ವಾರದಲ್ಲೇ.”

ಕೀಬೋರ್ಡಿನ ಟಕಟಕ ಕೇಳಿಸಿತು. ಅದು ನಿಂತ ಮೇಲೆ ಅಧಿಕಾರಿ ಮೊದಲಿನ ದಣಿದ ದನಿಯಲ್ಲೇ ಹೇಳಿದ, “ಇರದ ಕೆಲಸವನ್ನ ಬಿಟ್ಟರು ಅಂತ ಬರೆಯೋಕಾಗಲ್ಲ. ಇವರ ಮನವಿ ಒಪ್ಪಿದೆ. ಭತ್ಯೆ ಬಿಡುಗಡೆ ಆಗುತ್ತೆ.”

“ಉಳಿದ ಹತ್ತು ಜನರದ್ದು?”

“ಅವರು ಮನವಿ ಹಾಕಿಲ್ಲವಲ್ಲಮ್ಮ. ನನ್ನ ಮುಂದೆ ಇರೋದು ನಿಮ್ಮದೊಂದೇ. ನಾಳೆ ಸಂಜೆವರೆಗೆ ಗಡುವಿದೆ. ಬೇಕಾದವರು ಫೋನಲ್ಲಾದರೂ ಹಾಕ್ಕೊಳ್ಳಲಿ.”

ಗಂಡ ಅಡಿಗೆಮನೆಯಿಂದ ಕೆಂಪಾದ ಕಣ್ಣಲ್ಲಿ ಹೊರಗೆ ಬಂದ. ಅತ್ತೆ ಅವನಿಗೆ ಹೇಳಲು ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮನೆ ಉಳಿಯಿತು. ಖುಷಿಪಡಬೇಕಾದವಳು ಇಸ್ತ್ರಿಯಕ್ಕ. ಅವಳು ಚಪ್ಪಲಿ ಹುಡುಕುತ್ತಿದ್ದಳು.

“ಎಲ್ಲಿಗೆ?” ಗಂಡ ಕೇಳಿದ.

“ಬಯ್ಯೋಕೆ.”

ಬಾಯ್ಲರಣ್ಣನ ಮನೆ ಬಾಗಿಲು ತೆರೆದೇ ಇತ್ತು. ಅವನು ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು, “ಬಾಮ್ಮ, ಇವರು ಬೆಳಗಿಂದ ಒಂದು ಮಾತೂ ಆಡ್ತಿಲ್ಲ, ಏನಾಯ್ತು ಕೇಳು” ಅಂದಳು.

“ಹೇಳ್ತೀನಿ ಅತ್ತಿಗೆ. ಇವರು ಇವತ್ತು ನನ್ನ ಕತ್ತು ಕುಯ್ದ್ರು. ಕುಯ್ಯೋವಾಗ ತಮ್ಮದನ್ನೂ ಕುಯ್ಕೊಂಡ್ರು.”

“ನಿನಗೆ ಸಿಕ್ತಾ?” ಅವನು ತಲೆ ಎತ್ತದೆ ಕೇಳಿದ.

“ಸಿಕ್ತು. ನಿಮ್ಮಿಂದ ಅಲ್ಲ.”

“ಸಿಕ್ತಲ್ಲ. ಇನ್ನೇನು. ಹೋಗಿ ನೆಮ್ಮದಿಯಾಗಿ ಊಟ ಮಾಡು.” ಅವನಿಗೂ ಸಿಟ್ಟು ಬಂದಿತ್ತು. “ಮೊನ್ನೆ ಮೇಡಂ ಫೋನ್ ಮಾಡಿದ್ರು. ತೆರೆದ ದಿನ ಬಾಯ್ಲರಿಗೆ ಮೊದಲ ಬೆಂಕಿ ನೀವೇ ಹಾಕಬೇಕು, ನಿಮ್ಮ ಬಿಟ್ಟು ಯಾರಿದ್ದಾರೆ ಅಂದ್ರು. ನಿನ್ನ ಹಾಗೆ ಎಲ್ಲರ ಜೊತೆ ಜಗಳ ಕಾಯೋ ವಯಸ್ಸಲ್ಲ ನಂದು. ನಂಗೆ ಕೆಲಸ ಬೇಕು.”

“ಯಾವ ಬಾಯ್ಲರಿಗೆ?”

“ಯಾವುದು ಅಂದ್ರೆ?”

“ಮಾರಿದ್ದಾರೆ. ಉರುಳೆ, ಒಗೆಯೋ ಯಂತ್ರ, ನಿಮ್ಮ ಬಾಯ್ಲರು, ಎಲ್ಲ. ನೀವು ಫೋನ್ ಇಟ್ಟ ಮೇಲೆ ಅವಳ ಬಾಯಿಂದಲೇ ಬಂತು. ಲಾಂಡ್ರಿ ಇಲ್ಲ, ಹೊರಗೆ ಗುತ್ತಿಗೆ ಕೊಟ್ಟಾಗಿದೆ. ಮುಚ್ಚಿದ ವಾರದಲ್ಲೇ.”

ಬಾಯ್ಲರಣ್ಣ ಅವಳನ್ನೇ ನೋಡಿದ. ಸಿಟ್ಟಿಗೆ ಹೇಳುತ್ತಿದ್ದಾಳೋ ಎಂದು ಅಳೆಯುವಂತೆ ನೋಡಿದ.

“ಮುಚ್ಚಿದ ವಾರದಲ್ಲಾ?”

“ಅದೇ ವಾರ. ಮೊನ್ನೆ ಮೊದಲ ಬೆಂಕಿ ಅಂತ ನಿಮ್ಮ ಮೂಗಿಗೆ ತುಪ್ಪ ಸವರಿದಳಲ್ಲ, ಆಗ ಆ ಜಾಗದಲ್ಲಿ ಬರೀ ಬೋಲ್ಟಿನ ತೂತು ಇದ್ದಿದ್ದು.”

ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಇಸ್ತ್ರಿಯಕ್ಕನಿಗೆ ಸಮಾಧಾನ ಮಾಡುವ ಮನಸ್ಸಿರಲಿಲ್ಲ. ಆ ದೊಡ್ಡ ದೇಹ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುವುದನ್ನು ನೋಡುತ್ತ ನಿಂತಳು. ಅವನನ್ನು ಬಯ್ಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಬಾಯಲ್ಲೇ ಇದ್ದವು, ಆದರೆ ಅವು ಈ ಮನೆಯ ವಿಳಾಸಕ್ಕೆ ಸೇರಿದವಲ್ಲ ಅನಿಸತೊಡಗಿತ್ತು.

“ಗಡುವು ನಾಳೆ ಸಂಜೆ,” ಅಂದಳು. “ಈಗಲೇ ಫೋನ್ ಮಾಡಿ. ಬಾಯಿಮಾತಲ್ಲೇ ಬರ್ಕೊಳ್ತಾರೆ.”

“ಇಷ್ಟಪಟ್ಟು ಬಿಟ್ಟೆ ಅಂತ ನಾನೇ ಹೇಳಿದ್ದೀನಲ್ಲ. ಅದೂ ರೆಕಾರ್ಡಾಗಿದೆ.”

“ಹೌದು. ಯಾರು ಹೇಳಿಸಿದ್ದು ಅನ್ನೋದೂ ರೆಕಾರ್ಡಾಗಲಿ.”

“ಯಾವ ಮುಖ ಇಟ್ಕೊಂಡು ಹೇಳಲಿ?”

“ಫೋನಲ್ಲಿ ಮುಖ ಕಾಣಲ್ಲ. ನನ್ನ ಸಿಟ್ಟು ಇಳಿದಿದೆ ಅಂದ್ಕೋಬೇಡಿ ಅಣ್ಣ, ಅದನ್ನ ಆಮೇಲೆ ತೀರಿಸ್ಕೊಳ್ತೀನಿ. ಮೊದಲು ಒತ್ತಿ.”

ಅವನು ಕದಲಲಿಲ್ಲ. ಹೆಂಡತಿ ಎದ್ದು ಅವನ ಜೇಬಿನಿಂದ ಫೋನು ತೆಗೆದು, ನಂಬರು ಹೇಳಮ್ಮ ಎಂದಳು. ಇಸ್ತ್ರಿಯಕ್ಕನಿಗೆ ಅದು ಬಾಯಿಪಾಠವಾಗಿತ್ತು. ಬಹಳ ಹೊತ್ತು ಕಾದರು. ಮೂವರೂ ಮೂರು ಕಡೆ ನೋಡುತ್ತ ಕಾದರು. ಕೊನೆಗೊಂದು ನಿಜವಾದ ಮನುಷ್ಯದನಿ ಬಂತು, ಚಿಕ್ಕ ವಯಸ್ಸಿನ ಹೆಣ್ಣುಮಗಳದ್ದು. ಹೆಸರು, ವಿಳಾಸ ಕೇಳಿ ಬರೆದುಕೊಂಡಳು.

“ಕೆಲಸ ಬಿಟ್ಟ ಕಾರಣ ಹೇಳಿ ಸರ್.”

“ಬಿಟ್ಟಿಲ್ಲ,” ಅಂದ ಬಾಯ್ಲರಣ್ಣ.

“ಇಲ್ಲಿ ಬಿಟ್ಟ ಕಾರಣ ಅಂತ ಒಂದೇ ಜಾಗ ಇರೋದು. ಏನಾದ್ರೂ ತುಂಬಿಸ್ಲೇಬೇಕು ಸರ್.”

ಅವನು ಗೋಡೆ ಹಿಡಿದು ಎದ್ದು ನಿಂತ. ಫೋನನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡ. ದನಿ ಒಂದೊಂದೇ ಮೆಟ್ಟಿಲು ಹತ್ತಿ ತನ್ನ ಹಳೆಯ ಎತ್ತರಕ್ಕೆ ಬಂತು. ಕೊನೆಯ ಮೆಟ್ಟಿಲ ಮೇಲೆ ನಿಂತು ಒಂದೇ ಕುಟುಂಬ ಅಂದವಳ ಬಗ್ಗೆ ಹೇಳಿದ. ಅಂಗಿ ಒಗೆದದ್ದನ್ನು ಹೇಳಿದ. ಮೊನ್ನೆ ಬಂದ ಕರೆಯನ್ನು ಹೇಳಿದ. ಇವತ್ತು ತಾನು ಆಡಿದ ಸುಳ್ಳನ್ನೂ ಸುಳ್ಳು ಅಂತಲೇ ಕರೆದು ಹೇಳಿದ. ಎದುರು ಮನೆಯ ಕಿಟಕಿ ತೆರೆದುಕೊಂಡಿತು.

ಇಸ್ತ್ರಿಯಕ್ಕ ಹೊರಟಳು. ಉರುಳೆಯ ಆಚೆ ಕಡೆ ಚಾದರ ಹಿಡಿಯುತ್ತಿದ್ದ, ಗಂಡನನ್ನು ಕೇಳಿ ಹೇಳ್ತೀನಿ ಅಂದವಳ ಮನೆ ಮುಂದಿನ ಬೀದಿಯಲ್ಲೇ ಇತ್ತು. ತಿರುವಿನವರೆಗೂ ಬಾಯ್ಲರಣ್ಣನ ದನಿ ಅವಳ ಹಿಂದೆ ಬಂತು:

“ಹಾಗಲ್ಲಮ್ಮ, ಚಿಕ್ಕದು ಮಾಡಬೇಡ. ಮೊದಲಿಂದ ಹೇಳ್ತೀನಿ, ಪೂರ್ತಿ ಬರ್ಕೋ.”